ಒಪ್ಪಂದದ ಆಚೆ: ಅಮೆರಿಕದ ಪೊಲೀಸರು ಮತ್ತು ವಲಸೆ ಕಾನೂನಿನ ಅಧ್ಯಯನ

ಅಮೆರಿಕದಲ್ಲಿ ವಲಸಿಗರ ಧರಪಕಡ ನಡೆದಾಗಲೆಲ್ಲ ನಮ್ಮ ಟಿವಿ ಚರ್ಚೆಗಳು ಆ ದೇಶವನ್ನು ಎರಡು ಹೋಳು ಮಾಡುತ್ತವೆ: ಒಕ್ಕೂಟ ಸರ್ಕಾರಕ್ಕೆ ಕೈಜೋಡಿಸುವ ಊರುಗಳು, ಒಲ್ಲೆನ್ನುವ ‘ಸ್ಯಾಂಕ್ಚುರಿ’ ನಗರಗಳು. ಅಲ್ಲಿನ ಪೊಲೀಸರು ಮತ್ತು ವಲಸೆ ಕಾನೂನಿನ ಅಧ್ಯಯನಗಳನ್ನು ಬಹುಕಾಲದಿಂದ ಓದಿಕೊಂಡು, ಪಾಠ ಹೇಳಿಕೊಂಡು ಬಂದವರಿಗೆ ಇದನ್ನು ಕೇಳಿ ಬೇಸರವಾಗುತ್ತದೆ.

ಆರಂಭದ ಬರಹ ಬಹುಪಾಲು ವಕೀಲರದು, ಆದೇಶ ಮತ್ತು ಕಲಮುಗಳ ಸುತ್ತಲಿನದು. ವಲಸೆ ಸ್ಥಿತಿ ತಿಳಿಯಲೆಂದೇ ಯಾರನ್ನೂ ತಡೆದು ವಿಚಾರಿಸಕೂಡದೆಂದು ಲಾಸ್ ಏಂಜಲೀಸ್ ಪೊಲೀಸರು 1979ರಲ್ಲೇ ಆದೇಶ ಹೊರಡಿಸಿದ್ದರು. 1996ರಲ್ಲಿ ಒಕ್ಕೂಟದ ವಲಸೆ ಕಾಯ್ದೆಗೆ ಸೇರಿಸಿದ 287(ಜಿ) ಕಲಮು, ಒಪ್ಪಂದದ ಮೂಲಕ ಸ್ಥಳೀಯ ಪೊಲೀಸರಿಗೆ ತರಬೇತಿ ಕೊಟ್ಟು ವಲಸೆ ಅಧಿಕಾರಿಯ ಕೆಲಸ ವಹಿಸಲು ದಾರಿ ಮಾಡಿತು. ಮೊದಲ ಒಪ್ಪಂದ 2002ರಲ್ಲಿ, ಫ್ಲೋರಿಡಾದ್ದು. ಅಪರಾಧ ಕಾನೂನು ಮತ್ತು ವಲಸೆ ಕಾನೂನು ಹೀಗೆ ಬೆರೆಯುವುದಕ್ಕೆ 2006ರಲ್ಲಿ ಕಾನೂನು ಪ್ರಾಧ್ಯಾಪಕಿ ಜೂಲಿಯೆಟ್ ಸ್ಟಂಪ್ ‘ಕ್ರಿಮಿಗ್ರೇಶನ್’ ಎಂಬ ಹೆಸರಿಟ್ಟರು. ಆಮೇಲೆ ಕೆಲಕಾಲ ಎಲ್ಲರೂ ಅದನ್ನೇ ಜಪಿಸಿದರು.

2008ರ ‘ಸೆಕ್ಯೂರ್ ಕಮ್ಯುನಿಟೀಸ್’ ಯೋಜನೆ ಆಟವನ್ನೇ ಬದಲಿಸಿತು. ಬಂಧಿತರ ಬೆರಳಚ್ಚು ಎಫ್‌ಬಿಐ ಮೂಲಕ ವಲಸೆ ಇಲಾಖೆಗೆ ತಾನಾಗಿ ಹೋಗತೊಡಗಿತು. 2013ರ ಹೊತ್ತಿಗೆ ದೇಶವಿಡೀ ಅದೇ ಪದ್ಧತಿ. ಯಾವ ಮೇಯರ್ ಏನೇ ಘೋಷಿಸಲಿ, ಆ ಬೆರಳಚ್ಚು ನಿಲ್ಲದು. ನಗರ ನಿರಾಕರಿಸಬಹುದಾದದ್ದು ಬಿಡುಗಡೆಯ ವೇಳೆಯಾದರೂ ಆಸಾಮಿಯನ್ನು ಹಿಡಿದಿಟ್ಟುಕೊಳ್ಳಿ ಎನ್ನುವ ‘ಡಿಟೈನರ್’ ಕೋರಿಕೆಯಂಥವನ್ನು ಮಾತ್ರ. ಹಾಗೆ ಹಿಡಿದಿಟ್ಟದ್ದು ಸಂವಿಧಾನಬಾಹಿರವೆಂದು ಒರೆಗಾನ್‌ನ ಕ್ಲಾಕಮಸ್ ಕೌಂಟಿಯ ವಿರುದ್ಧ 2014ರಲ್ಲಿ ತೀರ್ಪು ಬಂದ ಮೇಲೆ ಕೌಂಟಿ ಜೈಲು ನಡೆಸುವ ಹಲವು ಶೆರಿಫ್‌ಗಳು ಕೈ ಹಿಂದೆಗೆದರು. ದಯೆಗಿಂತ ಪರಿಹಾರ ಕಟ್ಟಬೇಕಾದೀತೆಂಬ ಭಯವೇ ಅಲ್ಲಿ ಹೆಚ್ಚು ಕೆಲಸ ಮಾಡಿತೆಂದು ನನ್ನ ಅನಿಸಿಕೆ.

ಯೋಜನೆ ಕೌಂಟಿಯಿಂದ ಕೌಂಟಿಗೆ ಹಂತಹಂತವಾಗಿ ಬಂದದ್ದು ಅಂಕಿಅಂಶದವರಿಗೆ ಹಬ್ಬವಾಯಿತು: ಅದು ಬಂದ ಕಡೆಯನ್ನು ಇನ್ನೂ ಬಾರದ ಕಡೆಯೊಂದಿಗೆ ಹೋಲಿಸಬಹುದಿತ್ತು. ಯೋಜನೆಯಿಂದ ಅಪರಾಧವೇನೂ ಇಳಿಯಲಿಲ್ಲವೆಂದು ಕಾನೂನು ಪ್ರಾಧ್ಯಾಪಕರಾದ ಥಾಮಸ್ ಮೈಲ್ಸ್ ಮತ್ತು ಆ್ಯಡಮ್ ಕಾಕ್ಸ್ 2014ರಲ್ಲಿ ತೋರಿಸಿದರು. ಅಚ್ಚುಕಟ್ಟಾದ ಕೆಲಸ, ಆದರೆ ಅಲ್ಲಿ ಒಬ್ಬ ಪೇದೆಯೂ ಕಾಣಿಸುವುದಿಲ್ಲ.

ಪೇದೆಯನ್ನು ಕಾಣಬೇಕಾದರೆ ಸಮಾಜಶಾಸ್ತ್ರಜ್ಞೆ ಅಮಾಡಾ ಅರ್ಮೆಂಟಾ ಅವರ 2017ರ ಪುಸ್ತಕಕ್ಕೆ ಹೋಗಬೇಕು. ಅವರು ನ್ಯಾಶ್‌ವಿಲ್‌ನಲ್ಲಿ ಪೊಲೀಸರ ಕಾರಿನಲ್ಲಿ ಕೂತು ಸುತ್ತಿದರು. ಅಲ್ಲಿ 287(ಜಿ) ಒಪ್ಪಂದ ಇದ್ದದ್ದು ಜೈಲು ನಡೆಸುವ ಶೆರಿಫ್ ಕಚೇರಿಯೊಂದಿಗೆ. ನಗರ ಪೊಲೀಸರಿಗೂ ಅದಕ್ಕೂ ಕಾಗದದಲ್ಲಿ ಸಂಬಂಧವಿರಲಿಲ್ಲ. ಆದರೆ ಒಡೆದ ಹಿಂದೀಪಕ್ಕೆ ಕಾರು ತಡೆದು, ಲೈಸೆನ್ಸ್ ಇಲ್ಲದ ಚಾಲಕನಿಗೆ ಚೀಟಿ ಕೊಟ್ಟು ಬಿಡುವುದೋ, ಜೈಲಿಗೆ ಒಯ್ಯುವುದೋ ಎಂದು ತೀರ್ಮಾನಿಸುತ್ತಿದ್ದವರು ಅವರೇ. ಒಯ್ದರೆ ಒಳಗೆ ವಲಸೆಯ ಪ್ರಶ್ನೆ ಕಾದಿರುತ್ತಿತ್ತು. ದಾಖಲೆಯಿಲ್ಲದವರಿಗೆ ಲೈಸೆನ್ಸ್ ಕೊಡದ ರಾಜ್ಯದಲ್ಲಿ ಗಡೀಪಾರಿನ ಮೊದಲ ಹೆಜ್ಜೆ ಸಾರಿಗೆ ನಿಯಮವೇ. ಈ ಕ್ಷೇತ್ರದಲ್ಲಿ ಇದಕ್ಕಿಂತ ಮುಖ್ಯವಾದ ಶೋಧ ನನಗೆ ಕಂಡಿಲ್ಲ.

ಇಂಥ ಕೆಲಸ ಮುಂದುವರಿಯಬೇಕಿತ್ತು. ಬದಲಿಗೆ ಹೊಸಬರು ಒಪ್ಪಂದಗಳನ್ನು ಎಣಿಸುವುದರಲ್ಲಿ ತೊಡಗಿದ್ದಾರೆ. 2025ರಲ್ಲಿ ಅವು ಸಾವಿರ ದಾಟಿದವು ನಿಜ. ಆದರೆ ವಲಸೆ ಬಂಧಿತರನ್ನು ಇರಿಸಿಕೊಳ್ಳಲು ದಿನದ ಲೆಕ್ಕದಲ್ಲಿ ಕೌಂಟಿ ಜೈಲುಗಳಿಗೆ ಸಿಗುವ ಹಣ ಮತ್ತು ಶೆರಿಫ್‌ನ ಚುನಾವಣೆ, ಇವೆರಡನ್ನು ಒಟ್ಟಿಗಿಟ್ಟು ನೋಡಿದವರು ವಿರಳ. ಇನ್ನು ವಲಸಿಗರನ್ನೇ ಕೇಳಿದ ಸಮೀಕ್ಷೆಗಳು ಹೆಚ್ಚಾಗಿ ಲ್ಯಾಟಿನೋ ಸಮುದಾಯದವು, ಪ್ರಶ್ನೆ ಕೇಳಿದ್ದು ಇಂಗ್ಲಿಷ್, ಸ್ಪ್ಯಾನಿಶ್‌ಗಳಲ್ಲಿ. ಆದರೆ ದಾಖಲೆಯಿಲ್ಲದ ಭಾರತೀಯರೂ ಅಲ್ಲಿ ಲಕ್ಷಗಟ್ಟಲೆ ಇದ್ದಾರೆ. ಜೈಲಿನಲ್ಲಲ್ಲದೆ ರಸ್ತೆಬದಿಯಲ್ಲೇ ವಲಸೆ ಸ್ಥಿತಿ ವಿಚಾರಿಸುವ, 2012ರಲ್ಲಿ ಕೈಬಿಟ್ಟಿದ್ದ 287(ಜಿ) ‘ಟಾಸ್ಕ್ ಫೋರ್ಸ್’ ಮಾದರಿ 2025ರಲ್ಲಿ ಮರಳಿ, ಹೆದ್ದಾರಿಗಳಲ್ಲಿ ಲಾರಿಗಳನ್ನು ತಡೆಯುತ್ತಿದೆ. ಚಾಲಕರಲ್ಲಿ ಪಂಜಾಬಿಗಳು ಬಹಳ. ಅವರನ್ನು ಅವರ ಮಾತಿನಲ್ಲೇ ವಿಚಾರಿಸುವ ಅಧ್ಯಯನ ಬೇಕಾಗಿದೆ.