ಕಮಲನಗರದ ಆರು ಅಕ್ಷರ

ನಮ್ಮ ಬೀದರ ಸೀಮೆಯ ಮದುವೆ ಮನೆಗಳಲ್ಲಿ ಹೊಸ ಸೊಸೆ ಸುಮ್ಮನೆ ಹೊಸ್ತಿಲು ದಾಟುವಂತಿಲ್ಲ. ನಾದಿನಿಯರು ಬಾಗಿಲಿಗೆ ಅಡ್ಡ ನಿಂತು "ಹೆಸರ ಹೇಳು, ಆಮ್ಯಾಲ ಒಳಗ ಬಾ" ಎನ್ನುತ್ತಾರೆ. ಗಂಡನ ಹೆಸರನ್ನು ಬರಿದೇ ಹೇಳಿದರೆ ನಡೆಯದು. ಒಡಪು ಕಟ್ಟಿ, ಪ್ರಾಸ ಕೂಡಿಸಿ, ಕೊನೆಯಲ್ಲಿ ಹೆಸರು ಬರುವಂತೆ ಹೇಳಬೇಕು. ಗಡಿಯಾಚೆ ಉದಗೀರ, ನಿಲಂಗಾದ ಕಡೆ ಇದಕ್ಕೇ ಉಖಾಣೆ ಎನ್ನುತ್ತಾರೆ. ಪಾಪ, ಹುಡುಗಿಗೆ ಸಿಗುವುದು ಅರ್ಧ ನಿಮಿಷ. ಸುತ್ತ ನಿಂತವರೇ ಪ್ರೇಕ್ಷಕರು, ಅವರೇ ತೀರ್ಪುಗಾರರು. ತೊದಲಿದರೆ ನಗೆ, ಚೆನ್ನಾಗಿ ಹೇಳಿದರೆ ಹತ್ತು ವರ್ಷ ಓಣಿಯಲ್ಲಿ ಆ ಒಡಪಿನದೇ ಮಾತು. ಟೀವಿಯಲ್ಲಿ ಮಾತಿನ ಸ್ಪರ್ಧೆ, ಲೆಕ್ಕದ ಸ್ಪರ್ಧೆ ನೋಡಿದಾಗ ಇದೇನೋ ಪರದೇಶದಿಂದ ಬಂದ ಆಟ ಎಂದು ನನಗೆ ಅನಿಸದಿರುವುದಕ್ಕೆ ಈ ಹೊಸ್ತಿಲೇ ಕಾರಣವಿರಬೇಕು.

ಟೀವಿ ನಮ್ಮ ಕಡೆಗೆ ಬಂದ ಕತೆಯನ್ನು ಸ್ವಲ್ಪ ಹೇಳಬೇಕು. ೧೯೭೫ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಟೀವಿ ತೋರಿಸುವ ಪ್ರಯೋಗ ನಡೆಯಿತು. ಅದರಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಿದ್ದವು. ೧೯೭೭ರಲ್ಲಿ ಕಲಬುರಗಿಗೆ ದೂರದರ್ಶನ ಬಂತು. ರಾಜಧಾನಿ ಬೆಂಗಳೂರಿನ ಕೇಂದ್ರ ಶುರುವಾದದ್ದು ೧೯೮೧ರ ನವೆಂಬರ್ ೧ರಂದು. ಹಿಂದುಳಿದ ಸೀಮೆ ಎಂದು ನಮ್ಮನ್ನು ಕರೆಯುವವರ ಮುಂದೆ ಇದೊಂದನ್ನಾದರೂ ನಾವು ಹೇಳಿಕೊಳ್ಳಬಹುದು.

ಆದರೆ ಡಬ್ಬಿ ಬಂದರೆ ಸಾಕೆ? ಅದರೊಳಗಿನ ಮಾತು ನಮ್ಮದಾಗಬೇಕಲ್ಲ. ೧೯೮೫ರಲ್ಲಿ ಸಿದ್ಧಾರ್ಥ ಬಸು ಅವರ 'ಕ್ವಿಜ್ ಟೈಮ್' ಬಂದಾಗ ನಾವು ಹುಡುಗಿಯರು ಅದನ್ನು ಸಿನಿಮಾ ನೋಡಿದ ಹಾಗೆ ನೋಡುತ್ತಿದ್ದೆವು. ಇಂಗ್ಲಿಷಿನ ಪ್ರಶ್ನೆ ಅರ್ಥವಾಗುವಷ್ಟರಲ್ಲಿ ಚಪ್ಪಾಳೆ ಬೀಳುತ್ತಿತ್ತು. ೨೦೦೦ದಲ್ಲಿ ಹಿಂದಿಯಲ್ಲಿ ಕೋಟಿ ರೂಪಾಯಿಯ ಆಟ ಬಂತು. ಅದು ಮಾತಿನ ಆಟ ಎನ್ನುವುದಕ್ಕಿಂತ ಹಣದ ಆಟ. ಕನ್ನಡದಲ್ಲಿ ನಮ್ಮ ಮನೆಯವರೆಲ್ಲ ಟೀವಿಗಿಂತ ಮೊದಲೇ ಉತ್ತರ ಕೂಗುವಂಥ ಕಾರ್ಯಕ್ರಮ ಬಂದದ್ದು ೨೦೦೨ರ ಜನವರಿ ೪ರಂದು, ಚಂದನ ವಾಹಿನಿಯಲ್ಲಿ. 'ಥಟ್ ಅಂತ ಹೇಳಿ'. ನಡೆಸಿಕೊಟ್ಟವರು ಡಾ. ನಾ. ಸೋಮೇಶ್ವರ, ವೃತ್ತಿಯಿಂದ ವೈದ್ಯರು. ಮೂವರು ಸ್ಪರ್ಧಿಗಳು, ಎದುರಿಗೆ ಪ್ರಶ್ನೆ, ಸರಿಯುತ್ತರಕ್ಕೆ ಬಹುಮಾನ ಪುಸ್ತಕ. ಚಿನ್ನದ ನಾಣ್ಯವಿಲ್ಲ, ಕಾರಿಲ್ಲ. ಮೂರು ಸಾವಿರಕ್ಕೂ ಹೆಚ್ಚು ಕಂತು ನಡೆದು ದಾಖಲೆಯಾಯಿತು. ಔರಾದದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಮಾಡುವ ಮೊದಲು ಹಿಂದಿನ ರಾತ್ರಿಯ ಪ್ರಶ್ನೆಗಳದೇ ಚರ್ಚೆ.

ಆ ಹೆಸರು ಕೇಳಿದಾಗಲೆಲ್ಲ ಇತಿಹಾಸದ ಟೀಚರಾದ ನನಗೆ ಇನ್ನೊಬ್ಬ ಸೋಮೇಶ್ವರ ನೆನಪಾಗುತ್ತಾನೆ. ನಮ್ಮ ಜಿಲ್ಲೆಯ ಕಲ್ಯಾಣದಲ್ಲೇ ಕುಳಿತು ಆಳಿದ ಚಾಲುಕ್ಯರ ಮೂರನೆಯ ಸೋಮೇಶ್ವರ. ೧೧೨೯ರ ಸುಮಾರಿಗೆ ಅವನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ದೊಡ್ಡ ಗ್ರಂಥ ಮಾಡಿದ. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು ನೂರು. ಆನೆ, ರತ್ನ, ಸಂಗೀತ, ಅಡುಗೆ ಎಲ್ಲವೂ ಅದರಲ್ಲಿವೆ. ನಮ್ಮ ಇಡ್ಲಿಯ ಪೂರ್ವಜೆಯೂ ಇದ್ದಾಳೆ. ಕೊನೆಯ ಭಾಗ ಪೂರ್ತಿ ಕ್ರೀಡೆಗಳಿಗೆ ಮೀಸಲು. ಚದುರಂಗ, ಪಗಡೆ, ಕವಡೆಗಳ ಸಾಲಿನಲ್ಲೇ ಪ್ರಹೇಲಿಕಾ ಕ್ರೀಡೆ, ಎಂದರೆ ಒಗಟಿನ ಆಟ ಬರುತ್ತದೆ. ರಾಜನಾದವನು ಕಾಲಹರಣಕ್ಕೆ ಒಗಟು ಕಟ್ಟಿಸಿ ಬಿಡಿಸುವುದನ್ನೂ ಒಂದು ವಿದ್ಯೆ ಎಂದು ಎಣಿಸಿದ ಊರು ನಮ್ಮದು. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ನಂತರ ಶರಣರು ಬೆಡಗಿನ ವಚನಗಳನ್ನು ಹೇಳಿದರು. ಅರ್ಥವನ್ನು ಮುಚ್ಚಿಟ್ಟು ಕೇಳುವವರ ಬುದ್ಧಿಯನ್ನು ಕೆಣಕುವುದು ಅರಮನೆಯ ಸೊತ್ತಾಗಿ ಉಳಿಯಲಿಲ್ಲ.

ಲೆಕ್ಕಕ್ಕೆ ಇನ್ನೂ ಹಿಂದೆ ಹೋಗಬೇಕು. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ನೃಪತುಂಗನ ಕಾಲದಲ್ಲಿ, ೮೫೦ರ ಸುಮಾರಿಗೆ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಅದರಲ್ಲೊಂದು ಲೆಕ್ಕವಿದೆ. ಗಂಡಹೆಂಡಿರ ಪ್ರಣಯಕಲಹದಲ್ಲಿ ಮುತ್ತಿನ ಹಾರ ಹರಿಯುತ್ತದೆ. ಮೂರರಲ್ಲೊಂದು ಪಾಲು ಸೇವಕಿಯ ಕೈಗೆ, ಆರರಲ್ಲೊಂದು ಪಾಲು ಹಾಸಿಗೆಯ ಮೇಲೆ. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಸಲ ಚೆಲ್ಲಾಪಿಲ್ಲಿ. ಕೊನೆಗೆ ೧,೧೬೧ ಮುತ್ತು ಉಳಿದರೆ ಹಾರದಲ್ಲಿ ಒಟ್ಟು ಎಷ್ಟಿದ್ದವು? ಉತ್ತರ ೧,೪೮,೬೦೮. ಅಷ್ಟು ಭಾರದ ಹಾರವನ್ನು ಆ ತಾಯಿ ಕೊರಳಲ್ಲಿ ಹೇಗೆ ಹೊತ್ತಿದ್ದಳೋ! ಒಂಬತ್ತನೆಯ ತರಗತಿಯ ಹುಡುಗಿಯರು ಮೊದಲು ನಗುತ್ತಾರೆ, ಆಮೇಲೆ ಹಿಂದಿನಿಂದ ಮುಂದಕ್ಕೆ ಲೆಕ್ಕ ಕಟ್ಟುತ್ತಾರೆ. ಎರಡು ಕಡೆಯಿಂದ ಓದಿದರೂ ಒಂದೇ ಆಗುವ ಗುಣಲಬ್ಧಗಳನ್ನೂ ಆಚಾರ್ಯರು ಕೊರಳ ಹಾರಕ್ಕೆ ಹೋಲಿಸಿ ಕೊಟ್ಟಿದ್ದಾರೆ. ೧೩೯ನ್ನು ೧೦೯ರಿಂದ ಗುಣಿಸಿ ನೋಡಿ, ೧೫೧೫೧ ಬರುತ್ತದೆ.

ಅಕ್ಷರದ ಆಟ, ಅಂಕಿಯ ಆಟ ಎರಡನ್ನೂ ಒಂದೇ ಕಾರ್ಯಕ್ರಮದಲ್ಲಿ ಹೆಣೆದವರು ಫ್ರೆಂಚರು. ೧೯೬೫ರಲ್ಲಿ ಉದ್ದನೆಯ ಪದ ಹುಡುಕುವ ಆಟವಾಗಿ ಆರಂಭವಾದುದಕ್ಕೆ ೧೯೭೨ರಲ್ಲಿ ಅಂಕಿಗಳೂ ಸೇರಿದವು. ೨೦೨೪ರಲ್ಲಿ ಅದು ನಿಂತಿತು. ಅದನ್ನು ನೋಡಿ ಇಂಗ್ಲೆಂಡಿನವರು ೧೯೮೨ರ ನವೆಂಬರ್ ೨ರಂದು 'ಕೌಂಟ್‌ಡೌನ್' ಶುರು ಮಾಡಿದರು. ಚಾನೆಲ್ ಫೋರ್ ಎಂಬ ವಾಹಿನಿಯ ಮೊಟ್ಟಮೊದಲ ಕಾರ್ಯಕ್ರಮವೇ ಅದು. ಒಂಬತ್ತು ಅಕ್ಷರ ಕೊಡುತ್ತಾರೆ, ಮೂವತ್ತು ಸೆಕೆಂಡಿನಲ್ಲಿ ಅತಿ ಉದ್ದದ ಪದ ಕಟ್ಟಬೇಕು. ಮೂಲೆಯಲ್ಲಿ ನಿಘಂಟು ಹಿಡಿದು ಒಬ್ಬರು ಕೂತಿರುತ್ತಾರೆ. ಅವರು ತೋರಿಸಿದ್ದೇ ಕೊನೆಯ ಮಾತು. ಗೆದ್ದವರಿಗೆ ಒಂದು ಚಹಾ ಕುದಿಗೆ! ಇಪ್ಪತ್ತಾರು ವರ್ಷ ಆ ಕಾರ್ಯಕ್ರಮದ ಅಂಕಿ ಲೆಕ್ಕ ನೋಡಿಕೊಂಡವರು ಕ್ಯಾರಲ್ ವಾರ್ಡರ್‌ಮನ್ ಎಂಬ ಹೆಣ್ಣುಮಗಳು.

ಈ ಅಕ್ಷರದ ಆಟವನ್ನು ಕನ್ನಡಕ್ಕೆ ಹಾಗೆಯೇ ತರಲು ಆಗದು. ನಾನು ಕೆಲಸ ಮಾಡಿದ ಊರುಗಳನ್ನೇ ತೆಗೆದುಕೊಳ್ಳಿ. ಭಾಲ್ಕಿ ಎಂದರೆ ಎರಡೇ ಅಕ್ಷರ, ಅದರಲ್ಲಿ 'ಲ್ಕಿ'ಯಿಂದ ಶುರುವಾಗುವ ಪದ ಯಾವ ಕನ್ನಡಿಗನ ಬಾಯಲ್ಲೂ ಇಲ್ಲ. ಔರಾದವೂ ಅಷ್ಟೇ. ಕಾಗುಣಿತ, ಒತ್ತು ಹಚ್ಚಲು ಮಕ್ಕಳಿಗೆ ಬಿಟ್ಟರೆ ಪದಗಳಿಗೆ ಲೆಕ್ಕವೇ ಇರದು, ಬಿಡದಿದ್ದರೆ ಆಟವೇ ಇರದು. ಆದರೆ ನಮ್ಮಲ್ಲಿ ಕಮಲನಗರ ಎಂಬ ಊರಿದೆ. ಮೊದಲು ಔರಾದ ತಾಲೂಕಿನಲ್ಲಿತ್ತು, ಈಗ ತಾನೇ ತಾಲೂಕು. ಕ, ಮ, ಲ, ನ, ಗ, ರ. ಆರೂ ಅಕ್ಷರ ಬೇರೆ ಬೇರೆ, ಒಂದಕ್ಕೂ ಕೊಂಬಿಲ್ಲ, ದೀರ್ಘವಿಲ್ಲ. ಭಾಲ್ಕಿಯ ಶಾಲೆಯಲ್ಲಿ ಶನಿವಾರದ ಕೊನೆಯ ತಾಸಿಗೆ ಇದನ್ನು ಬೋರ್ಡಿನ ಮೇಲೆ ಬರೆದುಬಿಡುತ್ತಿದ್ದೆ. ಮರ, ಕರ, ಮನ, ನಗ ಎಲ್ಲರಿಗೂ ಸಿಗುತ್ತವೆ. ಗಮನ, ನರಕ, ಮಕರ, ಕರಗ, ಗಮಕ ಜಾಣರಿಗೆ. ಮಗ ಸಿಗುತ್ತಾನೆ, ಮಗಳು ಸಿಗುವುದಿಲ್ಲ. "ಅದ್ಹ್ಯಾಂಗ್ರಿ ಟೀಚರ್?" ಎಂದು ಹುಡುಗಿಯರು ಜಗಳ ತೆಗೆಯುತ್ತಿದ್ದರು.

ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಎದ್ದು "ಟೀಚರ್, ನಮಕ ನಡೀತದೇನ್ರಿ?" ಎಂದಳು. ಮನೆಮಾತು ಉರ್ದು, ತಂದೆ ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ತಿದ್ದುವವರು. ಆಕೆ ಹೇಳಿದ್ದು ಉಪ್ಪು. ಮುಂದಿನ ಬೆಂಚಿನಲ್ಲಿ ಅರ್ಚಕರ ಮನೆಯ ಹುಡುಗಿ ಆ ಪದವನ್ನು ಆಗಲೇ ಬರೆದಿಟ್ಟಿದ್ದಳು, ಅವಳದು ರುದ್ರದ ನಮಕ. ಇಬ್ಬರಿಗೂ ಅಂಕ ಕೊಟ್ಟೆ.

ಅದೇ ಹುಡುಗಿಯನ್ನು ೨೦೧೪ರಲ್ಲಿ ಬೀದರದಲ್ಲಿ ನಡೆದ ಅಂತರಶಾಲಾ ಸ್ಪರ್ಧೆಗೆ ಕರೆದುಕೊಂಡು ಹೋದೆ. ಟೀವಿಯ ಮಾದರಿಯಲ್ಲೇ ಗಂಟೆ, ಗಡಿಯಾರ, ಮೂರು ಮೂರು ಮಕ್ಕಳ ಸಾಲು. ಅಲ್ಲಿಯೂ ಕಮಲದ ಅಕ್ಷರಗಳು ಬಂದವು. ಈಕೆ ತಿರುಗಿಸಿ 'ಕಲಮ' ಎಂದಳು. ತೀರ್ಪುಗಾರರು ತಲೆ ಅಲ್ಲಾಡಿಸಿ "ಅದು ಕನ್ನಡ ಅಲ್ಲಮ್ಮಾ, ಉರ್ದು" ಎಂದರು. ನಾನು ಎದ್ದು ನಿಘಂಟು ನೋಡೋಣ ಎಂದೆ. ಆ ಕಟ್ಟಡದಲ್ಲಿ ಒಂದು ನಿಘಂಟೂ ಇರಲಿಲ್ಲ. ಒಂದು ಅಂಕದಲ್ಲಿ ನಮ್ಮವರು ಸೋತರು.

ಊರಿಗೆ ಬಂದು ನಿಘಂಟು ತೆರೆದೆ. ಕಲಮ ಎಂದರೆ ಒಂದು ಜಾತಿಯ ಬತ್ತ, ಬರೆಯುವ ಲೇಖನಿಯೂ ಹೌದು. ಸಂಸ್ಕೃತದಿಂದಲೇ ಬಂದ ಪದ. ಅರಬ್ಬಿಯಿಂದ ಉರ್ದುವಿಗೆ ಬಂದದ್ದೂ ಅದೇ ಸದ್ದಿನ ಲೇಖನಿ. ಅದೂ ಹೋಗಲಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡಲು ೨೦೧೨ರಲ್ಲಿ ಸಂಸತ್ತು ಒಪ್ಪಿತಲ್ಲ, ಅದನ್ನು ನಾವೆಲ್ಲ ೩೭೧(ಜೆ) ಕಲಂ ಎಂದೇ ಕರೆಯುತ್ತೇವೆ. ಸೀಟು ಕೇಳುವಾಗ ಕಲಂ ಕನ್ನಡ, ಹುಡುಗಿ ಹೇಳಿದಾಗ ಉರ್ದು! ಹುಡುಗಿ ಮಾತ್ರ ಏನೂ ಆಡಲಿಲ್ಲ. ಮುಂದಿನ ಶನಿವಾರಗಳಲ್ಲಿ ಕೈ ಎತ್ತುವುದನ್ನು ಬಿಟ್ಟಳು.

ಭಾಷೆಯ ಕಾವಲು ಕಾಯುವವರ ಭಯ ನನಗೆ ಅರ್ಥವಾಗದ್ದೇನಲ್ಲ. ನಿಜಾಮರ ಕಾಲದಲ್ಲಿ ಕನ್ನಡ ಕಲಿಸುವುದೇ ಇಲ್ಲಿ ಕಷ್ಟವಿತ್ತು. ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಭಾಲ್ಕಿಯ ಮನೆಮನೆಯ ಮಾತು. ೧೯೫೬ರಲ್ಲಿ ಜಿಲ್ಲೆ ಮೂರು ಭಾಗವಾಗಿ ನಮ್ಮ ಪಾಲು ಮೈಸೂರಿಗೆ ಸೇರಿತು. ಅಷ್ಟು ಕಷ್ಟಪಟ್ಟು ಉಳಿಸಿದ ನುಡಿಗೆ ಪಂಕ್ಚರ್ ಅಂಗಡಿಯ ಹುಡುಗಿ ತಾನಾಗಿ ಬಂದು ಸೇರಿದರೆ ಅದಕ್ಕಿಂತ ಇನ್ನೇನು ಬೇಕು ಎಂಬುದು ನನ್ನ ಅನಿಸಿಕೆ. ತೀರ್ಪುಗಾರರಿಗೆ ಹಾಗೆ ಅನಿಸಲಿಲ್ಲ.

ಕೆಲ ದಿನ ಅಕ್ಷರ ಬಿಟ್ಟು ಅಂಕಿ ಹಿಡಿದೆ. ಹುಡುಗಿಯರಿಗೆ ಮೊದಲು ಶಕುಂತಲಾ ದೇವಿಯವರ ಕತೆ ಹೇಳಿದೆ. ೧೯೨೯ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದಾಕೆ. ಶಾಲೆಯ ಓದು ಇಲ್ಲವೆನ್ನಬೇಕು. ೧೯೮೦ರ ಜೂನ್ ೧೮ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ೨೮ ಸೆಕೆಂಡಿನಲ್ಲಿ ಗುಣಿಸಿ ಹೇಳಿದರು. ಲೆಕ್ಕ ಹೆಣ್ಣುಮಕ್ಕಳಿಗಲ್ಲ ಎಂದು ಮನೆಯಲ್ಲಿ ಕೇಳಿ ಕೇಳಿ ಬಂದ ಮಕ್ಕಳು ಬಾಯಿ ತೆರೆದು ಕೂತಿದ್ದರು.

ಆಮೇಲೆ ಕೌಂಟ್‌ಡೌನ್ ಆಟದ ರೀತಿಯಲ್ಲಿ ಆರು ಅಂಕಿ ಬರೆದೆ. ೭೫, ೯, ೫, ೪, ೩, ೨. ಒಂದು ಅಂಕಿಯನ್ನು ಒಂದೇ ಸಲ ಬಳಸಿ, ಕೂಡಿ ಕಳೆದು ಗುಣಿಸಿ ಭಾಗಿಸಿ, ೩೭೧ ತರಬೇಕು. ಆ ಸಂಖ್ಯೆಯನ್ನು ನಾನು ಬೇಕೆಂದೇ ಕೊಟ್ಟಿದ್ದೆ. ಕೆಲವರು ಬೇಗನೆ ೭೫ನ್ನು ೫ರಿಂದ ಗುಣಿಸಿ ೪ ಕಳೆದರು. ಸರಿ ಎಂದೆ. ಅರ್ಧ ನಿಮಿಷ ಮುಗಿದಿತ್ತು. ಹಿಂದಿನ ಬೆಂಚಿನಲ್ಲಿ ತುಟಿ ಅಲುಗುತ್ತಿತ್ತು. ಆಕೆ ಮಗ್ಗಿ ಎಣಿಸುವುದು ಉರ್ದುವಿನಲ್ಲಿ. ಎದ್ದು ಬಂದಳು, ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು. ಒಂಬತ್ತರಲ್ಲಿ ನಾಲ್ಕು ಕಳೆದರೆ ಐದು, ಎಪ್ಪತ್ತೈದಕ್ಕೆ ಗುಣಿಸಿದರೆ ಮುನ್ನೂರ ಎಪ್ಪತ್ತೈದು. ಐದಕ್ಕೆ ಎರಡು ಕೂಡಿ ಮೂರು ಕಳೆದರೆ ನಾಲ್ಕು. ಅದನ್ನು ಇದರಲ್ಲಿ ಕಳೆ. ಆರೂ ಅಂಕಿ ಮುಗಿದಿದ್ದವು, ಒಂದೂ ಉಳಿದಿರಲಿಲ್ಲ. ನಿಯಮದ ಪ್ರಕಾರ ಹಾಗೆ ಮಾಡಿದವರಿಗೆ ಹೆಚ್ಚಿನ ಅಂಕವೇನೂ ಇಲ್ಲ. ನಾನು ಎರಡು ಹೆಚ್ಚು ಕೊಟ್ಟೆ.

ಬೋರ್ಡು ಒರೆಸದೆ ಹಾಗೇ ಬಿಟ್ಟು ಬಂದೆ. ಸೋಮವಾರ ಮೊದಲ ತಾಸಿಗೆ ಹೋದ ಭೂಗೋಳದ ಮಾಸ್ತರು ಸ್ಟಾಫ್ ರೂಮಿಗೆ ಬಂದು, "ಅಕ್ಕೋರೆ, ಎಪ್ಪತ್ತೈದರ ಲೆಕ್ಕ ಯಾರು ಮಾಡ್ಯಾರ್ರಿ?" ಎಂದು ಕೇಳಿದರು. ಹೆಸರು ಹೇಳಿದೆ.