ಪಾಲ್ಕಿಗುಂಡಿನ ಪಾದಗಳು: ಕೊಪಣದ ಬೆಟ್ಟದಲ್ಲಿ ಜಟಾಸಿಂಹನಂದಿಯ ಕುರುಹು

ಕವಿರಾಜಮಾರ್ಗವು ಕನ್ನಡದ ತಿರುಳಿನ ನೆಲೆಯನ್ನು ಗುರುತಿಸುವಾಗ ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳನ್ನು ಹೆಸರಿಸುತ್ತದೆ. ಒಂಬತ್ತನೆಯ ಶತಮಾನದ ಈ ಕೃತಿಯ ದೃಷ್ಟಿಯಲ್ಲಿ ಕೊಪಣವು ನಾಡೆಲ್ಲ ಬಲ್ಲ ಮಹಾನಗರ. ಮುಂದೆ ರನ್ನನು 993ರಲ್ಲಿ ಪೂರೈಸಿದ ಅಜಿತಪುರಾಣದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ಶೀಲದ ಪಾವಿತ್ರ್ಯಕ್ಕೆ ಉಪಮಾನಗಳನ್ನು ಅರಸುವಾಗ ಗಂಗಾಜಲದ ಜೊತೆಗೆ ಕೊಪಣಾಚಲವನ್ನೂ ನೆನೆಯುತ್ತಾನೆ. ಒಬ್ಬರಿಗೆ ಅದು ನುಡಿಯ ನಗರ, ಮತ್ತೊಬ್ಬನಿಗೆ ಪವಿತ್ರವಾದ ಬೆಟ್ಟ. ಇಂದಿನ ಕೊಪ್ಪಳವೇ ಆ ಕೊಪಣ.

ಕೊಪ್ಪಳದ ಸುತ್ತ ಹೆಬ್ಬಂಡೆಗಳ ಗುಡ್ಡಗಳಿವೆ. ಅವುಗಳಲ್ಲಿ ಪಾಲ್ಕಿಗುಂಡು ಎಂಬ ಬೆಟ್ಟಕ್ಕೆ ಆ ಹೆಸರು ಬಂದುದು ಅದರ ನೆತ್ತಿಯ ಬಂಡೆಗಳಿಂದ. ನಿಂತ ಬಂಡೆಗಳ ಮೇಲೆ ಚಪ್ಪಟೆಯಾದ ದೊಡ್ಡ ಕಲ್ಲೊಂದು ಅಡ್ಡಲಾಗಿ ಕುಳಿತು, ದೂರದಿಂದ ನೋಡುವವರಿಗೆ ಪಲ್ಲಕ್ಕಿಯಂತೆ ತೋರುತ್ತದೆ. ಈ ಕಲ್ಲಿನ ಆಸರೆಯಲ್ಲಿ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಅಶೋಕನ ಕಿರುಶಾಸನವಿದೆ. ಇದೂ, ಗವಿಮಠದ ಬೆಟ್ಟದ ಮೇಲಿನ ಇದೇ ಒಕ್ಕಣೆಯ ಇನ್ನೊಂದು ಶಾಸನವೂ 1931ರಲ್ಲಿ ಬೆಳಕಿಗೆ ಬಂದವು. ಮರುವರ್ಷ ಆರ್. ಎಲ್. ಟರ್ನರ್ ಅವರು ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಎರಡನ್ನೂ ಸಂಪಾದಿಸಿದರು. ಗವಿಮಠದ ಪಾಠ ಸುರಕ್ಷಿತವಾಗಿ ಉಳಿದಿದೆ. ಪಾಲ್ಕಿಗುಂಡಿನದು ಬಹುಮಟ್ಟಿಗೆ ಸವೆದು ಕೆಲವೇ ಅಕ್ಷರಗಳು ಕಾಣುತ್ತವೆ.

ಬೆಟ್ಟ ಹತ್ತುವವರಲ್ಲಿ ಹೆಚ್ಚಿನವರು ಈ ಶಾಸನಕ್ಕಾಗಿಯೇ ಬರುತ್ತಾರೆ. ಆದರೆ ಸಾಹಿತ್ಯದ ವಿದ್ಯಾರ್ಥಿಗೆ ಅದೇ ಬೆಟ್ಟದಲ್ಲಿ ಮತ್ತೊಂದು ನಿಧಿಯಿದೆ. ಅಶೋಕನ ಶಾಸನದ ಸಮೀಪದಲ್ಲಿಯೇ ಬಂಡೆಯ ಮೇಲೆ ಜೋಡಿ ಪಾದಗಳನ್ನು ಕೆತ್ತಲಾಗಿದೆ. ಅದರ ಬಳಿಯ ಹಳಗನ್ನಡದ ಚಿಕ್ಕ ಬರಹದ ತಾತ್ಪರ್ಯ ಇಷ್ಟೆ: ಇವು ಜಟಾಸಿಂಹನಂದಿ ಆಚಾರ್ಯರ ಪಾದಗಳು, ಮಾಡಿಸಿದವನು ಚಾವಯ್ಯ. ತಿಥಿಯಿಲ್ಲ, ಅರಸನ ಹೆಸರಿಲ್ಲ, ಚಾವಯ್ಯನಿಗೆ ಬಿರುದಿಲ್ಲ.

ಜಟಾಸಿಂಹನಂದಿಯು ಸಂಸ್ಕೃತದ ವರಾಂಗಚರಿತವೆಂಬ ಕಾವ್ಯದ ಕರ್ತೃ. ಮೂವತ್ತೊಂದು ಸರ್ಗಗಳ ಈ ಕೃತಿಯು ರಾಜಕುಮಾರ ವರಾಂಗನ ಕಥೆ. ಹುಚ್ಚುಕುದುರೆಯೊಂದು ಅವನನ್ನು ಕಾಡಿಗೆ ಹೊತ್ತೊಯ್ಯುತ್ತದೆ. ರಾಜ್ಯಕ್ಕೆ ದೂರವಾದ ಅವನು ವಣಿಕರ ನಡುವೆ ಬಾಳಿ, ಮರಳಿ ವೈಭವ ಪಡೆದು, ಕೊನೆಗೆ ಅದನ್ನು ತ್ಯಜಿಸಿ ಮುನಿಯಾಗುತ್ತಾನೆ. 779ರ ಕುವಲಯಮಾಲೆಯಲ್ಲಿ ಉದ್ದ್ಯೋತನಸೂರಿಯು ವರಾಂಗಚರಿತವನ್ನು ಸ್ಮರಿಸಿದ್ದಾನೆ; 783ರ ಹರಿವಂಶಪುರಾಣದಲ್ಲಿಯೂ ಅದರ ಪ್ರಶಂಸೆಯಿದೆ. ಆದಿಪುರಾಣಕಾರ ಜಿನಸೇನಾಚಾರ್ಯರಂತೂ ಈ ಕವಿಯ ಚಿತ್ರವನ್ನೇ ಕೊಟ್ಟಿದ್ದಾರೆ: ಕಾವ್ಯಚಿಂತನೆಯಲ್ಲಿ ಮುಳುಗಿದಾಗ ತೂಗಾಡುತ್ತಿದ್ದ ಅವನ ಜಟೆಗಳು ಅರ್ಥವನ್ನು ವಿವರಿಸುತ್ತಿರುವಂತೆ ಅವರಿಗೆ ತೋರಿವೆ. ಕನ್ನಡದಲ್ಲಿ ಪಂಪ, ಚಾವುಂಡರಾಯ, ಜನ್ನರು ಜಟಾಚಾರ್ಯನನ್ನು ಗೌರವದಿಂದ ನೆನೆದಿದ್ದಾರೆ.

ಇಷ್ಟು ಕೀರ್ತಿಯಿದ್ದೂ ಕಾವ್ಯವು ಬಹುಕಾಲ ಓದುಗರ ಕೈಗೆ ಸಿಕ್ಕಿರಲಿಲ್ಲ. ಸದಲಗೆಯವರಾದ ಪ್ರಾಕೃತ ವಿದ್ವಾಂಸ ಡಾ. ಆ. ನೇ. ಉಪಾಧ್ಯೆಯವರು ಎರಡು ತಾಳೆಯೋಲೆಯ ಪ್ರತಿಗಳನ್ನು ಆಧರಿಸಿ 1938ರಲ್ಲಿ ಅದನ್ನು ಮೊದಲ ಬಾರಿಗೆ ಮುದ್ರಣಕ್ಕೆ ತಂದರು. ಕವಿಯ ವಿಚಾರ ಬರೆಯುವಾಗ ಅವರು ಕೊಪ್ಪಳದ ಪಾದಗಳತ್ತ ಬೊಟ್ಟು ಮಾಡಿದರು. ಸಿಂಹನಂದಿ ಎಂಬ ಹೆಸರಿನ ಮುನಿಗಳು ಜೈನ ಪರಂಪರೆಯಲ್ಲಿ ಹಲವರಿದ್ದಾರೆ. ಗಂಗವಂಶದ ಸ್ಥಾಪನೆಗೆ ನೆರವಾದನೆಂದು ಶಾಸನಗಳು ಹೇಳುವ ಆಚಾರ್ಯನೂ ಸಿಂಹನಂದಿಯೇ. ಆದರೆ ‘ಜಟಾ’ ಎಂಬ ವಿಶೇಷಣ ವಿರಳ. ಜಿನಸೇನರು ವರ್ಣಿಸಿದ ಜಟೆಯೂ ಕಲ್ಲಿನ ಮೇಲಿನ ಹೆಸರೂ ಒಂದಕ್ಕೊಂದು ಹೊಂದುತ್ತವೆ. ಓಲೆಯಲ್ಲಿ ಉಳಿದ ಕಾವ್ಯಕ್ಕೆ ಹೀಗೆ ಬಂಡೆಯೊಂದು ನೆಲೆಯನ್ನು ಒದಗಿಸಿತು.

ಈ ಸಾಕ್ಷ್ಯದ ಮಿತಿಯನ್ನೂ ಗಮನಿಸಬೇಕು. ಆಚಾರ್ಯರು ಇಲ್ಲಿಯೇ ದೇಹತ್ಯಾಗ ಮಾಡಿದರೆಂದು ಬರಹ ಹೇಳುವುದಿಲ್ಲ. ಕೊಪಣವು ಸಮಾಧಿಮರಣದ ಕ್ಷೇತ್ರವಾಗಿತ್ತೆಂಬುದಕ್ಕೆ ಬೇರೆ ಆಧಾರಗಳಿವೆ. ಕುಂದಕುಂದಾನ್ವಯದ ಏಕಚಟ್ಟುಗದ ಭಟಾರರ ಶಿಷ್ಯ ಸರ್ವನಂದಿ ಭಟಾರರು ಈ ಊರಿನಲ್ಲಿದ್ದು, ಜನರಿಗೆ ಧರ್ಮವನ್ನು ಬೋಧಿಸಿ, ತಪಸ್ಸನ್ನಾಚರಿಸಿ ಸನ್ಯಸನದಿಂದ ಮುಡಿಪಿದರೆಂದು ಶಕ 803ರ, ಎಂದರೆ ಕ್ರಿ.ಶ. 881ರ, ಕೊಪ್ಪಳದ ಶಾಸನ ತಿಳಿಸುತ್ತದೆ. ಈ ಹಿನ್ನೆಲೆಯಲ್ಲಿ ಜಟಾಸಿಂಹನಂದಿಯ ಕೊನೆಯ ದಿನಗಳೂ ಇಲ್ಲಿಯೇ ಕಳೆದಿರಬಹುದೆಂಬ ಊಹೆ ಸಹಜ. ಆದರೂ ಅದು ಊಹೆಯೇ. ಕವಿಯ ಕಾಲವನ್ನು ಸಾಮಾನ್ಯವಾಗಿ ಏಳನೆಯ ಶತಮಾನವೆಂದು ಹೇಳುತ್ತಾರೆ. ಆ ನಿರ್ಣಯಕ್ಕೆ ತಿಥಿಯಿಲ್ಲದ ಈ ಬರಹ ಆಧಾರವಾಗಲಾರದು. ಮುಂದಿನ ಕವಿಗಳ ಸ್ಮರಣೆಗಳೇ ಅದಕ್ಕೆ ಆಧಾರ. ಪಾದಗಳು ನಿಶ್ಚಯವಾಗಿ ಸಾರುವುದು ಒಂದನ್ನು: ಕೊಪಣದ ಶ್ರಾವಕನೊಬ್ಬನಿಗೆ ಈ ಆಚಾರ್ಯರು ಪೂಜ್ಯರಾಗಿದ್ದರು, ಅವರ ನೆನಪಿಗೆ ತಕ್ಕ ಸ್ಥಳವೆಂದು ಅವನು ಈ ಬೆಟ್ಟವನ್ನು ಆರಿಸಿದನು.

ಪಲ್ಲಕ್ಕಿಯ ಬಂಡೆಯ ಶಾಸನದಲ್ಲಿ ದೇವಾನಂಪ್ರಿಯನು ತನ್ನ ಪ್ರಜೆಗಳಿಗೆ ಹೇಳುವ ಮಾತಿನ ಸಾರವೆಂದರೆ, ಸ್ವರ್ಗವು ದೊಡ್ಡವರಿಗಷ್ಟೇ ಮೀಸಲಲ್ಲ, ಪರಾಕ್ರಮಪಟ್ಟರೆ ಅಲ್ಪನೂ ಅದನ್ನು ಪಡೆಯಬಲ್ಲನು. ಶತಮಾನಗಳ ತರುವಾಯ ಅಲ್ಲಿಗೆ ಬಂದ ಚಾವಯ್ಯನಿಗೆ ಆ ಲಿಪಿಯನ್ನು ಓದಲು ಬರುತ್ತಿತ್ತೆಂದು ಭಾವಿಸಲು ಕಾರಣವಿಲ್ಲ. ಆದರೂ ಅಲ್ಪನ ಪ್ರಯತ್ನಕ್ಕೆ ಅವನ ಕೆಲಸವೇ ಒಳ್ಳೆಯ ನಿದರ್ಶನ. ಚಕ್ರವರ್ತಿಯ ಆಜ್ಞೆ ಬ್ರಹ್ಮಗಿರಿ, ಸಿದ್ದಾಪುರ, ಮಸ್ಕಿ, ಗವಿಮಠ ಮೊದಲಾದೆಡೆ ಮರುಪಾಠಗಳಲ್ಲಿ ಉಳಿದಿದೆ. ಒಂದೆಡೆ ಸವೆದರೆ ಮತ್ತೊಂದೆಡೆ ಓದಬಹುದು. ಚಾವಯ್ಯನ ಬರಹಕ್ಕೆ ಪ್ರತಿಯಿಲ್ಲ. ಮಳೆಗಾಳಿಗೆ ಅದು ಅಳಿದರೆ ವರಾಂಗಚರಿತದ ಕವಿಯನ್ನು ಕನ್ನಡ ನಾಡಿನ ಒಂದು ನಿರ್ದಿಷ್ಟ ನೆಲಕ್ಕೆ ಕಟ್ಟುವ ಕಲ್ಲಿನ ಸಾಕ್ಷಿ ಇಲ್ಲವಾಗುತ್ತದೆ. ಅಶೋಕನ ಅಕ್ಷರಗಳನ್ನು ನೋಡಲು ಬೆಟ್ಟ ಹತ್ತಿದವರು ಆ ಪಾದಗಳ ಬಳಿಯೂ ಒಂದು ಗಳಿಗೆ ನಿಲ್ಲಬೇಕಾದುದು ಈ ಕಾರಣಕ್ಕೆ.