ಕಟ್ಟುಕತೆ

‘ಕಟ್ಟು’ ಅಚ್ಚಗನ್ನಡ ಧಾತು. ‘ಕತೆ’ ಸಂಸ್ಕೃತದ ‘ಕಥಾ’ದಿಂದ ಬಂದ ತದ್ಭವ. ಎರಡೂ ಕೂಡಿದರೆ, ಯಾಕೋ, ಬೈಗುಳ: “ಕಟ್ಟುಕತೆ ಹೇಳಬೇಡ!” ಆದರೆ ಕಟ್ಟುವುದರಲ್ಲಿ ಸುಳ್ಳಿನ ವಾಸನೆಯೇ ಇಲ್ಲ. ಮನೆ ಕಟ್ಟುತ್ತೇವೆ, ಹೂ ಕಟ್ಟುತ್ತೇವೆ, ಹಾಡು ಕಟ್ಟುತ್ತೇವೆ. ಯಕ್ಷಗಾನದವರು ವೇಷ ಕಟ್ಟುತ್ತಾರೆ. ಕಟ್ಟಿದ್ದು ಬಿಗಿಯಾಗಿ ನಿಲ್ಲಬೇಕು, ಅಷ್ಟೆ.

ಆರ್.ಕೆ. ನಾರಾಯಣ್ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಕಾದಂಬರಿಯಲ್ಲಿ ಕಟ್ಟಿದ ಮಾಲ್ಗುಡಿ ಯಾವ ನಕ್ಷೆಯಲ್ಲೂ ಇರಲಿಲ್ಲ. ನಿರ್ದೇಶಕ ಶಂಕರ್‌ನಾಗ್ ಅದನ್ನು ಕಿರುತೆರೆ ಧಾರಾವಾಹಿಗಾಗಿ ಆಗುಂಬೆಯಲ್ಲಿ ಚಿತ್ರೀಕರಿಸಿದರು. ಈಗ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ ಮಾಲ್ಗುಡಿ ಹೆಸರಿನ ವಸ್ತುಸಂಗ್ರಹಾಲಯವೇ ಇದೆ! ಇಲ್ಲದ ಊರನ್ನು ನೋಡಲು ಜನ ಹೋಗುತ್ತಾರೆ.

ಒಳ್ಳೆಯ ಕಾದಂಬರಿಯನ್ನು ‘ಕಾಲ್ಪನಿಕ ಕೃತಿ’ ಎನ್ನುವುದು ಸಪ್ಪೆ. ಧೈರ್ಯವಾಗಿ ಕಟ್ಟುಕತೆ ಎನ್ನಿ, ಹೊಗಳಿಕೆಯಾಗಿಯೇ.